ಸುರಪುರ ಸೀಮೆಗೆ ಬೇಕಿರುವುದು ಶೂಟಿಂಗ್ ರೇಂಜ್

ಸುರಪುರದ ಇತಿಹಾಸ ಹೇಳುವವರು ಕೋಟೆ, ಅರಮನೆ, ವೇಣುಗೋಪಾಲಸ್ವಾಮಿ ಗುಡಿಯ ಜೊತೆಗೆ ತಪ್ಪದೆ ಹೇಳುವ ಮತ್ತೊಂದು ಮಾತು ಬೇಡ ನಾಯಕರ ಗುರಿಯದು. ದಿಲ್ಲಿಯ ಬಾದಶಹನನ್ನೇ ಗುಡ್ಡದ ಬುಡದಲ್ಲಿ ತಡೆದು ನಿಲ್ಲಿಸಿದ ಗುರಿ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಗುರಿ ಹಿಡಿಯುವುದು ಕೈ, ಕಣ್ಣು, ಉಸಿರು ಮೂರನ್ನೂ ಒಂದುಗೂಡಿಸುವ ಅಭ್ಯಾಸ. ಅಜ್ಜನಿಂದ ಮೊಮ್ಮಗನಿಗೆ ಹೊಲದಂತೆ ವಾರಸುದಾರಿಕೆಯಲ್ಲಿ ಬರುವ ಆಸ್ತಿ ಅದಲ್ಲ. ಅಭ್ಯಾಸ ನಿಂತರೆ ಒಂದೆರಡು ತಲೆಮಾರಿನಲ್ಲಿ ಗುರಿಯೂ ನಿಲ್ಲುತ್ತದೆ, ಉಳಿಯುವುದು ಅದರ ಕಥೆ ಮಾತ್ರ. ಸುರಪುರ, ಶಹಾಪುರ, ಯಾದಗಿರಿ ಮೂರೂ ಕಡೆ ಶಾಲೆಯ ಮಕ್ಕಳು ಮತ್ತು ಯುವಕ ಯುವತಿಯರು ತರಬೇತುದಾರರ ಕಣ್ಣೆದುರಿಗೆ ಏರ್ ರೈಫಲ್ ಹಿಡಿದು ಗುರಿ ಕಲಿಯುವ ಸರ್ಕಾರಿ ಶೂಟಿಂಗ್ ರೇಂಜ್ ಆಗಬೇಕು. ಸುರಪುರದ ರೇಂಜಿನ ಜೊತೆಯಲ್ಲೇ ಈ ಸೀಮೆಯ ಹಳೆಯ ಯುದ್ಧಕೋವಿಗಳನ್ನು ಜನ ನೋಡಿ ತಿಳಿಯುವ ಒಂದು ಶಸ್ತ್ರಾಲಯವೂ ಆಗಬೇಕು. ಇದು ನನ್ನ ವಾದ. ಇದಕ್ಕೆ ಇತಿಹಾಸದಲ್ಲಿ ಆಧಾರವಿದೆ, ಕಾನೂನಿನಲ್ಲಿ ಅವಕಾಶವಿದೆ, ವಿರೋಧಿಸುವವರ ಆತಂಕಗಳಿಗೆ ಉತ್ತರವೂ ಇದೆ.

ಮೊದಲು ಇತಿಹಾಸ. ಬಿಜಾಪುರ ಬಿದ್ದ ಮರುವರ್ಷ, 1687ರಲ್ಲಿ, ಬೇಡ ನಾಯಕರ ನೆಲೆಯಾಗಿದ್ದ, ಇಂದಿನ ಶಹಾಪುರ ತಾಲ್ಲೂಕಿನ ಸಗರ ಮೊಗಲರ ಕೈಸೇರಿತು. ಅಲ್ಲಿಗೆ ಬೇಡರ ಕಥೆ ಮುಗಿಯಿತೆಂದು ಮೊಗಲರು ತಿಳಿದಿರಬೇಕು. ಆದರೆ ಬೇಡರ ನಾಯಕ ಪಿಡ್ಡನಾಯಕ ಸುರಪುರದ ಬಳಿಯ ವಾಗಣಗೇರಾದಲ್ಲಿ ಬಲ ಕೂಡಿಸಿಕೊಂಡು ಎದ್ದು ನಿಂತ. 1705ರ ಫೆಬ್ರವರಿಯಲ್ಲಿ ಎಂಬತ್ತು ದಾಟಿದ ಔರಂಗಜೇಬ ಸ್ವತಃ ದಂಡು ಕಟ್ಟಿಕೊಂಡು ಬಂದು ಆ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು. ಮೊಗಲರು ಹಿಡಿದಿದ್ದ ಲಾಲ್ ಟೇಕ್ಡಿ ಎಂಬ ಗುಡ್ಡದಿಂದ ಬೇಡರು ಅವರನ್ನು ಹೊಡೆದಟ್ಟಿದರು. ಜುಲ್ಫಿಕರ್ ಖಾನನಂಥ ಹೆಸರಾಂತ ಸೇನಾಪತಿಯನ್ನು ದೂರದಿಂದ ಕರೆಸಿಕೊಂಡ ಮೇಲೆ, ಏಪ್ರಿಲ್ ಕೊನೆಗೆ ಕೋಟೆ ಬಿತ್ತು. ಅಷ್ಟರಲ್ಲಿ ಪಿಡ್ಡನಾಯಕ ಕತ್ತಲಲ್ಲಿ ಪಾರಾಗಿದ್ದ. ಬಾದಶಹ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಅದು ಮುಗಿದ ಮೇಲೆ ಕೃಷ್ಣೆಯ ಕಡೆಯ ದೇವಾಪುರದಲ್ಲಿ ಬೀಡುಬಿಟ್ಟ ಅವನು ಅಲ್ಲಿಯೇ ಕಾಯಿಲೆ ಬಿದ್ದ. ಎರಡು ವರ್ಷದೊಳಗೆ ಅಹಮದನಗರದಲ್ಲಿ ತೀರಿಕೊಂಡ. ಈ ಬೇಡರ ಗುರಿ ಮತ್ತು ಗುಂಡಿನೆದುರು ಕದಲದ ಧೈರ್ಯವನ್ನು ಮೆಚ್ಚಿ ಬರೆದವರಲ್ಲಿ ಇತಿಹಾಸಕಾರ ಜದುನಾಥ ಸರ್ಕಾರ್ ಪ್ರಮುಖರು. ಅವರು ಈ ಸೀಮೆಯವರಲ್ಲ. ಮೊಗಲರ ಕಡೆಯ ದಾಖಲೆಗಳನ್ನೇ ಹೆಚ್ಚಾಗಿ ನಂಬಿ ಬರೆದವರು, ಆದ್ದರಿಂದ ಅವರ ಮಾತಿಗೆ ಊರಾಭಿಮಾನದ ಲೇಪವಿಲ್ಲ.

ಆ ಗುರಿ ಎಂಥದ್ದು ಎಂಬುದನ್ನು ಬಿಡಿಸಿ ನೋಡುವುದು ಮುಖ್ಯ, ಏಕೆಂದರೆ ವಾದವೆಲ್ಲ ಅಲ್ಲಿಯೇ ಇದೆ. ಅಂದು ಬೇಡರ ಕೈಯಲ್ಲಿದ್ದದ್ದು ಬತ್ತಿಯಿಂದ ಹೊತ್ತಿಸುವ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿಯಬೇಕು, ಮೇಲೆ ಗುಂಡು ಇಳಿಸಿ ಗಜದಿಂದ ಗಟ್ಟಿಸಬೇಕು, ಪಕ್ಕದ ಪುಟ್ಟ ಬಟ್ಟಲಿಗೆ ಸಣ್ಣ ಮದ್ದು ಹಾಕಬೇಕು, ಹೊಗೆಯಾಡುವ ಬತ್ತಿಯನ್ನು ಊದಿ ಕೆಂಡ ಮಾಡಿಕೊಳ್ಳಬೇಕು. ಕುದುರೆ ಎಳೆದ ಕ್ಷಣಕ್ಕೂ ಗುಂಡು ಹಾರುವ ಕ್ಷಣಕ್ಕೂ ನಡುವೆ ಒಂದು ಸಣ್ಣ ಅಂತರವಿರುತ್ತದೆ. ಬಟ್ಟಲಿನ ಮದ್ದು ಕಣ್ಣ ಪಕ್ಕದಲ್ಲೇ ಭಗ್ಗನೆ ಉರಿಯುವಾಗ ಕೋವಿಯನ್ನು ಅಲುಗದಂತೆ ಹಿಡಿಯಬೇಕು. ನಳಿಗೆಯೊಳಗೆ ಗುಂಡನ್ನು ಸುತ್ತಿಸುವ ಗೀರುಗಳಿಲ್ಲದ ಕೋವಿಯಾದರೆ ನೂರು ಗಜ ದಾಟಿದ ಮೇಲೆ ಗುಂಡು ಎತ್ತ ಹೋದೀತೆಂಬ ಭರವಸೆ ಕಡಿಮೆ. ಮಳೆ ಬಂದರೆ ಬತ್ತಿ ಆರುತ್ತದೆ, ಗಾಳಿ ಬೀಸಿದರೆ ಬಟ್ಟಲಿನ ಮದ್ದು ಹಾರುತ್ತದೆ. ಇಂಥ ಹತಾರದಿಂದ ಮೊಗಲ್ ದಂಡನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆಂದರೆ, ಅದರ ಹಿಂದೆ ಬಾಲ್ಯದಿಂದ ಮಾಡಿದ ಸಾಧನೆ ಇರಲೇಬೇಕು. ಬಂಡೆಯ ಮರೆ ಆರಿಸುವುದು, ಉಸಿರು ಕಟ್ಟಿ ಕಾಯುವುದು, ಒಂದೇ ಗುಂಡಿಗೆ ಲೆಕ್ಕ ಹಾಕುವುದು ಹುಟ್ಟಿನಿಂದ ಬರುವುದಿಲ್ಲ. ಇವು ತಾಳ್ಮೆಯ ಗುಣಗಳು. ಹಾಗಾಗಿ ಸುರಪುರದ ಗುರಿಯನ್ನು ರೋಷದ, ರಕ್ತದ ಮಾತಾಗಿ ಹೇಳುವವರು ಆ ಗುರಿಕಾರರಿಗೆ ಅರ್ಧ ಗೌರವವನ್ನಷ್ಟೇ ಕೊಡುತ್ತಿದ್ದಾರೆ.

ಈ ಅಭ್ಯಾಸ ಹೇಗೆ ಕಡಿದುಹೋಯಿತು ಎಂಬುದಕ್ಕೆ 1857–58 ಉತ್ತರ ಹೇಳುತ್ತದೆ. 1840ರ ದಶಕದ ಆರಂಭದಿಂದ 1853ರವರೆಗೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿದ್ದು ಬಾಲರಾಜ ವೆಂಕಟಪ್ಪನಾಯಕನ ಪರವಾಗಿ ಆಡಳಿತ ನೋಡಿಕೊಂಡ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಅದೇ ಹುಡುಗ ಬೆಳೆದು 1858ರ ಫೆಬ್ರವರಿಯಲ್ಲಿ ಕಂಪನಿ ಸೈನ್ಯದ ಮೇಲೆ ಬಿದ್ದ. ಆ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತ. ಸೋತ ರಾಜ ಹೈದರಾಬಾದಿಗೆ ಹೋದ, ಸೆರೆಯಾದ, ಮದರಾಸಿನ ಕಡೆಯ ಸೆರೆಮನೆಗೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ಪ್ರಾಣಬಿಟ್ಟ. ಅದು ಆತ್ಮಹತ್ಯೆ ಎಂದು ಟೇಲರ್ ಬರೆದ. ಈ ಸೀಮೆಯ ಜನ ಅದನ್ನು ಪೂರ್ತಿ ಒಪ್ಪಿಲ್ಲ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ಸಂಸ್ಥಾನವೇ ಇಲ್ಲವಾದ ಮೇಲೆ ಕೋವಿಯ ಚಾಕರಿಗೆ ಕರೆಯುವವರು ಯಾರಿದ್ದರು? ಇತ್ತ ಕೃಷ್ಣೆಯಾಚೆ ಮುಧೋಳದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಹತಾರ ಒಪ್ಪಿಸುವುದಿಲ್ಲವೆಂದು ನಿಂತಾಗ ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಪ್ರಸಂಗದ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿದ. ಹಾಡು ಉಳಿಯಿತು, ಗುರಿ ಉಳಿಯಲಿಲ್ಲ.

ಇದೇ ಹೊತ್ತಿನಲ್ಲಿ ಕೊಡಗಿನಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ನಿಚ್ಚಳವಾಗುತ್ತದೆ. ದಂಗೆಯ ಕಾಲದಲ್ಲಿ ಕೊಡವರು ತಮಗೆ ನಿಷ್ಠರಾಗಿದ್ದರೆಂದು ಬ್ರಿಟಿಷರು 1861ರಲ್ಲಿ ಅವರನ್ನು ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಹೊರಗಿಟ್ಟರು. ಆ ವಿನಾಯಿತಿ ಸ್ವತಂತ್ರ ಭಾರತದ ಕಾಯ್ದೆಯಲ್ಲೂ ಮುಂದುವರಿದು, 2019ರಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರವರೆಗೆ ವಿಸ್ತರಿಸಿದೆ. ಕೊಡವ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಆಗುತ್ತದೆ, ಮೈದಾನದಲ್ಲಿ ಎತ್ತರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ, ಹೆಣ್ಣುಮಕ್ಕಳೂ ಹೊಡೆಯುತ್ತಾರೆ. ಗುರಿಯ ಆಟ ಅಲ್ಲಿ ಜೀವಂತವಾಗಿರುವುದಕ್ಕೆ ಕಾರಣ ಕೊಡವರು ಬೇಡರಿಗಿಂತ ಹುಟ್ಟಾ ಗುರಿಕಾರರೆಂದಲ್ಲ. ಆಳುವವರು ಒಬ್ಬರಿಗೆ ಅಭ್ಯಾಸಕ್ಕೆ ಕೋವಿ ಬಿಟ್ಟರು, ಇನ್ನೊಬ್ಬರಿಂದ ಕಿತ್ತುಕೊಂಡರು. ಹಾಗಂತ ಸುರಪುರಕ್ಕೂ ಅಂಥದೇ ವಿನಾಯಿತಿ ಕೇಳಬೇಕೆನ್ನುವವರ ಜೊತೆ ನಾನಿಲ್ಲ. ಹುಟ್ಟಿನ ಆಧಾರದ ಮೇಲೆ ಮನೆಮನೆಗೆ ಬಂದೂಕು ಕೊಡುವ ಕಾಲ ಇದಲ್ಲ, ಹೊಲದ ಬದುವಿನ ಜಗಳವೇ ಸಾವಿನವರೆಗೆ ಹೋಗುವ ನಮ್ಮ ಊರುಗಳಿಗೆ ಅದು ಒಳ್ಳೆಯದೂ ಅಲ್ಲ. ಕೊಡಗಿನಿಂದ ಕಲಿಯಬೇಕಾದದ್ದು ಒಂದೇ: ಅಭ್ಯಾಸ ಉಳಿದರೆ ಗುರಿ ಉಳಿಯುತ್ತದೆ.

ಇಂದಿನ ಕಾನೂನು ಈ ಅಭ್ಯಾಸಕ್ಕೆ ಬಾಗಿಲು ಮುಚ್ಚಿಲ್ಲ. 1959ರ ಶಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಬೋರಿನ, 20 ಜೌಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಒಲಿಂಪಿಕ್ಸಿನ ಹತ್ತು ಮೀಟರ್ ಸ್ಪರ್ಧೆಯಲ್ಲಿ ಬಳಸುವುದೂ ಇದೇ ಬೋರಿನ ರೈಫಲ್. ಹಾಗೆಯೇ, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೆಯ, ಪುರಾತನ ಮೌಲ್ಯದ ಆಯುಧಗಳನ್ನು ಕಾಯ್ದೆಯೇ ತನ್ನ ಹಿಡಿತದಿಂದ ಬಿಟ್ಟಿದೆ. ನೂರು ವರ್ಷ ದಾಟಿದ್ದರೆ ಅವು 1972ರ ಪುರಾವಸ್ತು ಕಾಯ್ದೆಯ ಲೆಕ್ಕದಲ್ಲಿ ಪುರಾವಸ್ತುಗಳು. ಮುಖ್ಯವಾಗಿ ಮುಚ್ಚಿರುವ ಬಾಗಿಲು ಸೈನ್ಯ ಮತ್ತು ಪೊಲೀಸರ ತೋಟಾ ಹಿಡಿಯುವ ಬೋರಿನ ರೈಫಲ್‌ಗಳದು. ತ್ರೀ ನಾಟ್ ತ್ರೀ ಎಂದು ಹಳ್ಳಿಯವರಿಗೂ ಗೊತ್ತಿರುವ ಪೊಲೀಸ್ ರೈಫಲ್ ಸಾಮಾನ್ಯ ಪ್ರಜೆಗೆ ನಿಷಿದ್ಧ. ಅದೇ ಮಾದರಿಯ ಮೇಲೆ ಸರ್ಕಾರಿ ಆಯುಧ ಕಾರ್ಖಾನೆ .315 ಬೋರಿನ ರೈಫಲ್ ತಯಾರಿಸಿ ನಾಗರಿಕರಿಗೆ ಮಾರುವುದು ಈ ನಿಷೇಧದ ಫಲವೇ.

ಇಲ್ಲಿ ಹಳೆಯ ಆಯುಧಗಳ ಅಭಿಮಾನಿಗಳು ಒಂದು ಪ್ರಶ್ನೆ ಎತ್ತುತ್ತಾರೆ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಗರಾಂಡ್ ರೈಫಲ್‌ಗಳನ್ನು ಸರ್ಕಾರದ ಮಾನ್ಯತೆಯುಳ್ಳ ಸಂಸ್ಥೆಯೇ ನಾಗರಿಕರಿಗೆ ಮಾರುತ್ತದೆ; ರಜೆಯ ದಿನ ಗೆಳೆಯರು ಕೂಡಿ ಹಳೆಯ ಸೈನ್ಯದ ರೈಫಲ್ ಹೊತ್ತು ಗುರಿ ಹೊಡೆಯಲು ಹೋಗುವುದು ಅಲ್ಲಿ ಮಾಮೂಲು. ಇಲ್ಲೇಕೆ ಕೂಡದು? ನಿಜವಾದ ಯುದ್ಧಕೋವಿಯನ್ನು ಕೈಯಲ್ಲಿ ಹಿಡಿದು ಹೊಡೆದಾಗಲೇ ಅಲ್ಲವೇ ಇತಿಹಾಸ ಗೊತ್ತಾಗುವುದು? ಈ ಮಾತಿನಲ್ಲಿ ಹುರುಳಿದೆ. ಎನ್‌ಫೀಲ್ಡ್ ಕೋವಿಯ ಭಾರ, ಮದ್ದಿನ ವಾಸನೆ, ಹೆಗಲಿಗೆ ಬೀಳುವ ಒದೆ ಪುಸ್ತಕ ಓದಿದರೆ ತಿಳಿಯುವಂಥವಲ್ಲ. ಆದರೂ ನನ್ನ ಉತ್ತರ ಬೇಡ ಎಂದೇ. ನೂರೈವತ್ತು ವರ್ಷ ಅಟ್ಟದ ಮೇಲೆ ತುಕ್ಕು ಹಿಡಿದ ನಳಿಗೆ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ತಿಂದುಹೋಗಿರುತ್ತದೆ. ಅದಕ್ಕೆ ಮದ್ದು ತುಂಬಿದರೆ ಮೊದಲು ಸಿಡಿಯುವುದು ಹೊಡೆಯುವವನ ಮುಖದ ಮುಂದೆ. ಇನ್ನು ಅಮೆರಿಕ ತನ್ನ ಬಂದೂಕು ಸ್ವಾತಂತ್ರ್ಯಕ್ಕೆ ತೆರುತ್ತಿರುವ ಬೆಲೆಯನ್ನು ಶಾಲೆಗಳಲ್ಲಿ ಸತ್ತ ಮಕ್ಕಳ ಸುದ್ದಿಯಾಗಿ ನಾವು ಓದುತ್ತಲೇ ಇದ್ದೇವೆ. ಹಳೆಯ ಕೋವಿಯನ್ನೇ ಹೊಡೆಯುವ ಆಸೆ ಇದ್ದವರಿಗೆ ಜಗತ್ತಿನಲ್ಲಿ ಬೇರೊಂದು ದಾರಿ ಇದೆ. 1971ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಒಕ್ಕೂಟವೊಂದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗಳ ವಿಶ್ವ ಸ್ಪರ್ಧೆ ನಡೆಸುತ್ತದೆ, ಬತ್ತಿಕೋವಿಗೂ ಅದರಲ್ಲಿ ಪ್ರತ್ಯೇಕ ವಿಭಾಗವಿದೆ. ಅಲ್ಲಿ ಹೊಸ ಉಕ್ಕಿನಿಂದ ಹಳೆಯ ಮಾದರಿಯಲ್ಲೇ ಮಾಡಿದ ಕೋವಿಗಳಿಗೂ ಅವಕಾಶವಿದೆ. ಸುರಪುರದಲ್ಲಿ ರೇಂಜ್ ನೆಲೆಗೊಂಡು, ಶಿಸ್ತು ರೂಢಿಯಾಗಿ ಹತ್ತಾರು ವರ್ಷ ಕಳೆದ ಮೇಲೆ, ಲೈಸೆನ್ಸಿನಡಿಯಲ್ಲಿ ಅಂಥದ್ದೊಂದು ಸ್ಪರ್ಧೆ ವಾಗಣಗೇರಾದ ಹೆಸರಿನಲ್ಲಿ ನಡೆದರೆ ಅದಕ್ಕಿಂತ ಸೂಕ್ತವಾದ ಜಾಗ ದೇಶದಲ್ಲಿ ಇನ್ನೊಂದಿಲ್ಲ. ಆದರೆ ಅದು ಮೊದಲ ಮೆಟ್ಟಿಲಲ್ಲ.

ಎದುರಿನಿಂದ ಬರುವ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಕ್ಕಳ ಕೈಗೆ ಬಂದೂಕಿನ ಆಕಾರದ ಯಾವುದನ್ನೂ ಕೊಡಬಾರದು, ಇಂದು ಏರ್ ರೈಫಲ್ ಹಿಡಿದವನು ನಾಳೆ ನಾಡಪಿಸ್ತೂಲು ಹುಡುಕುತ್ತಾನೆ ಎನ್ನುವವರಿದ್ದಾರೆ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಯಾರದೋ ಮನೆಯ ದೀಪ ಆರಿಸಿದ ಸುದ್ದಿ ದೇಶದ ಬೇರೆ ಬೇರೆ ಕಡೆಗಳಿಂದ ಬರುತ್ತಲೇ ಇರುತ್ತದೆ. ಹಾಗಾಗಿಯೇ ಶಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಆದರೆ ಗಾಳಿಗೆ ಗುಂಡು ಹಾರಿಸುವವನು ಯಾರು? ರೇಂಜಿನಲ್ಲಿ ಕಾಲಿಟ್ಟು ಕಲಿತವನಲ್ಲ. ರೇಂಜಿನ ಮೊದಲ ಪಾಠವೇ ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು, ಹೇಳುವವರೆಗೆ ಬೆರಳು ಕುದುರೆಯ ಮೇಲೆ ಹೋಗಕೂಡದು ಎಂಬುದು. ಮಾತು ಮೀರಿದವನನ್ನು ಆ ದಿನ ಹೊರಗೆ ಕಳಿಸುತ್ತಾರೆ. ಹತ್ತು ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆಗಿಂತ ಸಣ್ಣದು. ಅದಕ್ಕೆ ನಿಂತುಕೊಂಡು ಅರವತ್ತು ಗುಂಡು ಹೊಡೆಯಬೇಕು. ಸಿಟ್ಟಿನ ಕೈಗೆ, ಎದೆ ಹೊಡೆದುಕೊಳ್ಳುವ ದೇಹಕ್ಕೆ ಆ ಚುಕ್ಕೆ ಸಿಕ್ಕುವುದಿಲ್ಲ. ಬಂದೂಕಿನ ಬಗ್ಗೆ ಸಿನಿಮಾ ಮತ್ತು ಮೊಬೈಲು ಕಲಿಸುತ್ತಿರುವ ಪಾಠಕ್ಕೆ ಎದುರಾಗಿ ನಿಲ್ಲಬಲ್ಲ ಪಾಠ ಇದೊಂದೇ ಎಂದು ನನಗನಿಸುತ್ತದೆ.

ಬೇಟೆಯ ಭಯವೂ ಸಹಜ. ಸುರಪುರ ತಾಲ್ಲೂಕಿನಲ್ಲಿಯೇ ಬೋನಾಳ ಪಕ್ಷಿಧಾಮವಿದೆ. ಆ ಕೆರೆಯ ಹಕ್ಕಿಗಳ ಮೇಲೆ ಏರ್ ಗನ್ ತಿರುಗಿದರೆ ಅದು ಅಪರಾಧ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಪರಿಹಾರವೂ ಸರಳ. ರೈಫಲ್‌ಗಳು ರೇಂಜಿನ ಆಸ್ತಿಯಾಗಿ ಕಪಾಟಿನಲ್ಲಿ ಬೀಗದೊಳಗೆ ಇರಬೇಕು, ಮನೆಗೆ ಹೋಗಕೂಡದು.

ಹೆಚ್ಚು ಯೋಚಿಸಬೇಕಾದ ಆಕ್ಷೇಪ ಬಡತನದ್ದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ದುಡಿಯಲು ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಮೇಷ್ಟ್ರು ಬೇಕೋ ರೈಫಲ್ ಬೇಕೋ ಎಂದು ಕೇಳಿದರೆ ಮೇಷ್ಟ್ರು ಎಂದೇ ಹೇಳಬೇಕು. ಆದರೆ ಆಟಕ್ಕೆ ಮೀಸಲಾದ ದುಡ್ಡು ಈ ಜಿಲ್ಲೆಗೂ ಬರುತ್ತದೆ. 371ಜೆ ವಿಧಿಯಡಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದೇ ಬೇರೆಡೆ ಇರುವ ಸವಲತ್ತು ಇಲ್ಲಿಯೂ ಸಿಗಲೆಂದು. ಹತ್ತು ಮೀಟರ್ ರೇಂಜಿಗೆ ದೊಡ್ಡ ಮೈದಾನ ಬೇಡ: ಉದ್ದನೆಯ ಒಂದು ಶೆಡ್ಡು, ಹಿಂದೆ ಗುಂಡು ತಡೆಯುವ ತಗಡು, ಒಳ್ಳೆಯ ಬೆಳಕು, ಕಾಗದದ ಗುರಿಪಟ, ಕೆಲವು ರೈಫಲ್‌ಗಳು, ಎಲ್ಲಕ್ಕಿಂತ ಮುಖ್ಯವಾಗಿ ತರಬೇತಿ ಪಡೆದ ಒಬ್ಬ ಕೋಚ್. ಸೀಸದ ಗುಂಡು ಮುಟ್ಟಿದ ಮಕ್ಕಳು ಕೈ ತೊಳೆಯಲು ನಲ್ಲಿಯೂ ಬೇಕು. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 2024ರಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ಶಾಲಾ ಶಿಕ್ಷಕರ ಮಗ. ಅವರನ್ನು ಹುಡುಗನಾಗಿದ್ದಾಗಲೇ ಆರಿಸಿಕೊಂಡು ರೈಫಲ್ ಕೈಗೆ ಕೊಟ್ಟದ್ದು ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ ಯೋಜನೆ. ಅದೇ ಒಲಿಂಪಿಕ್ಸಿನಲ್ಲಿ ಎರಡು ಪದಕ ಗೆದ್ದ ಮನು ಭಾಕರ್ ಹರಿಯಾಣದ ಹಳ್ಳಿಯ ಹುಡುಗಿ. ಓದುತ್ತಿದ್ದ ಶಾಲೆಯಲ್ಲೇ ರೇಂಜ್ ಇದ್ದದ್ದು ಅವರ ಭಾಗ್ಯ. ಶೂಟಿಂಗ್ ದುಡ್ಡಿದ್ದವರ ಆಟವೆಂಬುದು ನಿಜ, ಸರ್ಕಾರ ಕೈಕಟ್ಟಿ ಕೂತಷ್ಟು ದಿನ ಮಾತ್ರ ನಿಜ. ಪದಕ ಬಾರದಿದ್ದರೂ ಸೈನ್ಯ, ಪೊಲೀಸ್, ಅರೆಸೇನಾ ಪಡೆಗಳ ಕ್ರೀಡಾ ಕೋಟಾದ ಕೆಲಸಗಳು ನಮ್ಮ ಹುಡುಗ ಹುಡುಗಿಯರಿಗೂ ಎಟುಕಬೇಕು.

ಇನ್ನೊಂದು ಎಚ್ಚರಿಕೆಯನ್ನು ನಾವೇ ನಮಗೆ ಹೇಳಿಕೊಳ್ಳಬೇಕು. ಈ ರೇಂಜ್ ಒಂದು ಜಾತಿಯ ಸ್ಮಾರಕವಾಗಬಾರದು. ಕೆಲವು ಜನಾಂಗಗಳನ್ನು ಹುಟ್ಟಾ ಯೋಧರೆಂದು, ಕೆಲವನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿಟ್ಟವರು ಬ್ರಿಟಿಷರು. ಬೇಡರ ಮಗ ಗುರಿಯನ್ನೇ ಹೊಡೆಯಬೇಕು ಎಂದು ನಾವು ಹೊಗಳಿಕೆಯ ಧಾಟಿಯಲ್ಲಿ ಹೇಳಿದರೂ ಅದು ಆ ಪಟ್ಟಿಯದೇ ಮುಂದುವರಿಕೆ. ವಾಲ್ಮೀಕಿ ನಾಯಕ ಸಮುದಾಯದ ಹುಡುಗಿ ಡಾಕ್ಟರಾಗಲಿ, ಲಂಬಾಣಿ ತಾಂಡಾದ ಹುಡುಗ ರೈಫಲ್ ಹಿಡಿಯಲಿ, ಕುರುಬರ, ಕಬ್ಬಲಿಗರ, ದಲಿತರ, ಲಿಂಗಾಯತರ, ಮುಸ್ಲಿಮರ ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಗುರಿ ನೋಡಲಿ. ಪಿಡ್ಡನಾಯಕನ ಹೆಸರಿನ ಹೆಮ್ಮೆ ಆ ಸೀಮೆಯಲ್ಲಿ ಹುಟ್ಟಿದ ಎಲ್ಲರ ಪಾಲಿನದು.

ಹಾಗಾದರೆ ಶಸ್ತ್ರಾಲಯ ಏಕೆ, ರೇಂಜ್ ಒಂದೇ ಸಾಲದೇ? ಸಾಲದು. ಏರ್ ರೈಫಲ್ ಹಿಡಿದ ಮಗುವಿಗೆ ತಾನು ಮಾಡುತ್ತಿರುವುದು ಹೊರಗಿನಿಂದ ಬಂದ ಆಟವೆನಿಸದೆ, ತನ್ನ ನೆಲದ ವಿದ್ಯೆಯೆನಿಸಬೇಕಾದರೆ ಬತ್ತಿಕೋವಿಯನ್ನೂ 1853ರ ಎನ್‌ಫೀಲ್ಡನ್ನೂ ಪಕ್ಕದಲ್ಲೇ ನೋಡಬೇಕು. ಗೀರುಗಳುಳ್ಳ ನಳಿಗೆ ಯುದ್ಧದ ದೂರವನ್ನೇ ಹೇಗೆ ಬದಲಿಸಿತು, ನೂರು ಗಜದ ಕೋವಿಯ ಎದುರು ಅದಕ್ಕಿಂತ ಎಷ್ಟೋ ದೂರ ಹೊಡೆಯುವ ಕೋವಿ ಬಂದಾಗ ಗುಡ್ಡದ ಮೇಲಿನ ಗುರಿಕಾರನ ಬಲ ಹೇಗೆ ಕುಗ್ಗಿತು ಎಂಬುದನ್ನು ತಿಳಿಯಬೇಕು. ಹಳೆಯ ಮನೆಗಳಲ್ಲಿ ಇರಬಹುದಾದ ಕೋವಿ, ಮದ್ದಿನ ಕೊಂಬು, ಗುಂಡಿನ ಅಚ್ಚುಗಳನ್ನು ಜನ ತಂದೊಪ್ಪಿಸಬೇಕಾದರೆ ಅವರಿಗೆ ಕೇಸಿನ ಭಯ ಇರಬಾರದು. ಜಿಲ್ಲಾಧಿಕಾರಿ ಮತ್ತು ಎಸ್ಪಿ ಕೂಡಿ, ಇಂತಿಷ್ಟು ದಿನದೊಳಗೆ ತಾವಾಗಿ ತಂದು ತೋರಿಸಿದವರಿಗೆ ಕಾನೂನಿನೊಳಗೆ ರಕ್ಷಣೆ ಹೇಗೆಂದು ಮೊದಲೇ ಕನ್ನಡದಲ್ಲಿ ಪ್ರಕಟಿಸಬೇಕು. ಆಯುಧ ತಜ್ಞರು ಪರೀಕ್ಷಿಸಿ, ಇನ್ನೂ ಹಾರಬಲ್ಲಂಥವನ್ನು ನಿಷ್ಕ್ರಿಯಗೊಳಿಸಿ, ಕೊಟ್ಟವರ ಮನೆತನದ ಹೆಸರು ಬರೆದು ಗಾಜಿನ ಹಿಂದೆ ಇಡಬೇಕು. ಸುರಪುರದಲ್ಲಿ ಟೇಲರ್ ಕಟ್ಟಿಸಿದ ಮಂಜಿಲು ಇಂದಿಗೂ ನಿಂತಿದೆ. ಆ ಆವರಣವನ್ನೇ ಇದಕ್ಕೆ ಬಳಸಬಹುದೇ ಎಂದು ಪುರಾತತ್ವ ಇಲಾಖೆ ಪರಿಶೀಲಿಸಲಿ. ಕೋಚ್ ನೇಮಕಕ್ಕೆ ಕ್ರೀಡಾ ಇಲಾಖೆ, ಶೆಡ್ಡಿಗೆ ಮಂಡಳಿ, ಸುರಕ್ಷತೆಯ ತಪಾಸಣೆಗೆ ಪೊಲೀಸ್ ಇಲಾಖೆ ಎಂದು ಹೊಣೆ ಹಂಚಿಕೊಂಡು, ಮೊದಲ ಶೆಡ್ಡು ಸುರಪುರದ ಯಾವುದಾದರೊಂದು ಸರ್ಕಾರಿ ಶಾಲೆಯ ಆವರಣದಲ್ಲಿ ಏಳಲಿ. ಶಹಾಪುರ, ಯಾದಗಿರಿಯವು ಅದರ ಬೆನ್ನಿಗೇ ಬರಲಿ. ಬರುವ ಆರ್ಥಿಕ ವರ್ಷದ ಕ್ರಿಯಾಯೋಜನೆಗೆ ಇದನ್ನು ಸೇರಿಸಬೇಕೆಂದು ಮೂರೂ ಕ್ಷೇತ್ರಗಳ ಶಾಸಕರು ಒಟ್ಟಾಗಿ ಮಂಡಳಿಗೆ ಪತ್ರ ಬರೆಯಲು ಇದು ಸರಿಯಾದ ಸಮಯ.